ಸಂಜೆಗೆ ನುಚ್ಚು, ಮಜ್ಜಿಗೆ

ರೋಣ
೩ ಜುಲೈ ೨೦೨೪

ಚಿ. ಮಹೇಶ್ವರಿಗೆ ಅಪ್ಪನ ಹರಕೆ.

ನೀನು ಬಸುರಿಯಾದ ಸುದ್ದಿಯನ್ನು ನವಾಜ ನಡುಬಜಾರದಲ್ಲಿ ಟೆಂಪೋ ನಿಲ್ಲಿಸಿ ಕೂಗಿ ಹೇಳಿದ. "ಅಜ್ಜ ಆಗಾಕ ಹತ್ತೀರಿ, ಪೇಢೆ ತರಸ್ರಿ" ಎಂದ. "ಪೇಢೆ ತಿಂದರ ಹಲ್ಲು ಹೋಗತಾವೋ ಹುಚ್ಚಪ್ಪ" ಎಂದು ಒಂದು ಚೂರು ಬೆಲ್ಲ ಕೊಟ್ಟೆ. ನಕ್ಕು ತಿಂದ. ಒಳ್ಳೆಯ ಮನುಷ್ಯ. ಅವನು ವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಸರಕು ಒಯ್ಯುತ್ತಾನಲ್ಲ, ಇನ್ನು ಮುಂದೆ ನಮ್ಮ ಟಪಾಲೂ ಅವನೇ.

ಅಪ್ಪನ ಫೋನು ಯಾಕೆ ಹತ್ತುವುದಿಲ್ಲ ಎಂದು ನೀನು ಕೇಳಿ ಕಳಿಸಿದ್ದೆ. ರಿಚಾರ್ಜ್ ಮಾಡಿಸುವುದನ್ನು ಬಿಟ್ಟೆ. ಮಾತಾಡಿದರೂ ದುಡ್ಡು, ಸುಮ್ಮನಿದ್ದರೂ ದುಡ್ಡು, ಇದೆಂಥ ವ್ಯವಹಾರ? ಈ ಕವರನ್ನು ನೋಡು, ಮಿಲ್ಲಿನ ಹಳೆಯ ಕವರನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಮಡಿಸಿದ್ದು. ಅಂಟು ಹಚ್ಚಿಲ್ಲ. ನೀನೂ ಹಚ್ಚಬೇಡ. ಅಂಟು ಬಿತ್ತೆಂದರೆ ಕವರು ಒಂದೇ ಸಲಕ್ಕೆ ಸಾಯುತ್ತದೆ. ಇದರಲ್ಲೇ ಉತ್ತರ ಇಟ್ಟು ಕಳಿಸಿದರೆ ವರ್ಷವಿಡೀ ಬರುತ್ತದೆ.

ಹತ್ತಿಯ ಮಿಲ್ಲು ಬಾಗಿಲು ಹಾಕಿದ ಮೇಲೆ ನಾನು ಹೇಗೆ ಬದುಕಿದ್ದೇನೆ ಎಂದು ಇಲ್ಲಿಯ ಜನ ಬೆರಗಾಗುತ್ತಾರೆ. ಈಗ ನಿಮ್ಮ ಮನೆಯ ಮಗ್ಗವೂ ನಿಂತು, ಅಳಿಯ ದುರಗೇಶ ಬೋರ್‌ವೆಲ್ ಲಾರಿ ಹತ್ತಿ ಊರೂರು ತಿರುಗುತ್ತಿದ್ದಾನೆ ಎಂದರೆ ನಿನಗೂ ಕೈ ಬಿಗಿ ಹಿಡಿಯುವ ಕಾಲ ಬಂತು. ಹೇಳುತ್ತೇನೆ, ಕೇಳು. ಎಣ್ಣೆ ಬಾಟಲಿಯ ಮುಚ್ಚಳವನ್ನು ಬಿಚ್ಚಬಾರದು, ಅದಕ್ಕೆ ಸಣ್ಣ ಮೊಳೆಯಿಂದ ತೂತು ಹಾಕಿ ಹನಿ ಹನಿ ಬೀಳಿಸಬೇಕು. ಬೇಳೆ ಅರ್ಧ ಬೆಂದಾಗ ಗ್ಯಾಸ್ ಆರಿಸಿ, ಪಾತ್ರೆಗೆ ಹಳೆಯ ಕೌದಿ ಸುತ್ತಿಡು, ಉಳಿದರ್ಧ ತಾನೇ ಬೇಯುತ್ತದೆ. ಸಾಬೂನಿನ ತುಣುಕುಗಳನ್ನು ಹರಿದ ಕಾಲುಚೀಲದಲ್ಲಿ ತುಂಬಿದರೆ ಹೊಸ ಸಾಬೂನು. ಕಾಲೇಜಿನಲ್ಲಿ ಒಂದು ಮಾತು ಕಲಿಸಿದ್ದರು, ಕಟ್ ಯುವರ್ ಕೋಟ್ ಅಂತ ಶುರುವಾಗುತ್ತದೆ. ಮುಂದಿನದು ಮರೆತೆ. ಬಟ್ಟೆ ಇದ್ದಷ್ಟೇ ಅಂಗಿ ಎಂಬರ್ಥ. ನಿಮ್ಮವ್ವ ಬಾಳವ್ವ ಕಾಲೇಜು ನೋಡದೆಯೇ ಅದನ್ನು ಅರಿತಿದ್ದಳು.

ಇದನ್ನೆಲ್ಲ ನಿಮ್ಮ ಅತ್ತೆ ಸಕ್ಕೂಬಾಯಿಯವರಿಗೂ ಓದಿ ಹೇಳು. ಸಂಸಾರ ತೂಗಿಸಿದವರು, ಮೆಚ್ಚುತ್ತಾರೆ.

ನಿನ್ನ ಅಪ್ಪ
ಮಹಾಲಿಂಗಪ್ಪ


ಗಜೇಂದ್ರಗಡ
೧೮ ಜುಲೈ ೨೦೨೪

ಅಪ್ಪನಿಗೆ ಮಹೇಶ್ವರಿಯ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ನಾನು ಓದಿ ಹೇಳುವ ಪ್ರಸಂಗವೇ ಬರಲಿಲ್ಲ. ನಾನು ನೀರಿಗೆ ಹೋದಾಗ ನವಾಜಣ್ಣ ಕೊಟ್ಟು ಹೋಗಿದ್ದ. ಕವರು ತೆರೆದೇ ಇತ್ತಲ್ಲ, ನಾದಿನಿ ದೇವಿಕಾ ಆಗಲೇ ಎಲ್ಲರಿಗೂ ಓದಿ ಹೇಳಿದ್ದಳು. ಅತ್ತೆಯವರಿಗೆ ಬಹಳ ಸಂತೋಷವಾಗಿದೆ. "ನಿಮ್ಮಪ್ಪ ಓದಿದವ್ರು ಬಿಡವಾ. ನಾ ಹೇಳಿದ್ರ ಅತ್ತಿ ಕಾಟ ಅಂತಾರ, ಅವ್ರು ಹೇಳಿದ್ರ ಶಾಸ್ತ್ರ" ಎಂದರು. ಎಣ್ಣೆಯ ಮುಚ್ಚಳಕ್ಕೆ ತೂತು ಬಿದ್ದಿದೆ.

ನನಗೆ ವಾಂತಿ ನಿಂತಿದೆ. ಆರಾಮ ಇದ್ದೇನೆ. ಈ ಪತ್ರ ಬರೆಯುವಾಗ ದೇವಿಕಾ ಪಕ್ಕದಲ್ಲೇ ಕುಳಿತಿದ್ದಾಳೆ. ಅವಳೂ ನಿಮಗೆ ನಮಸ್ಕಾರ ಹೇಳುತ್ತಾಳೆ.

ಒಂದು ಮಾತು ಕೇಳುವುದಿತ್ತು. ನಮ್ಮ ನಡುಕೋಣೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇತ್ತಲ್ಲ, ಅದು ಇನ್ನೂ ಗಟ್ಟಿ ಇದೆಯೇ?

ಮಹೇಶ್ವರಿ


ರೋಣ
೪ ಆಗಸ್ಟ್ ೨೦೨೪

ಚಿ. ಮಹೇಶ್ವರಿಗೆ,

ಕೊಂಡಿಯ ವಿಷಯ ಕೇಳಿದ್ದು ಚಲೋ ಆಯಿತು. ಗಟ್ಟಿ ಇದೆ. ಆದರೆ ಅದನ್ನು ತೊಲೆಯಿಂದ ಕಿತ್ತು ನಿನಗೆ ಕಳಿಸುವುದೆಂದರೆ ಬಡಿಗ ಬೇಕು, ಬಡಿಗ ಬಂದರೆ ಚಹಾ ಬೇಕು. ತೊಟ್ಟಿಲೇ ಯಾಕೆ? ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಜೋಳಿಗೆ ಕಟ್ಟು. ಕೂಸು ತಂಪಾಗಿ ಮಲಗುತ್ತದೆ, ಸೊಳ್ಳೆಯೂ ಕಡಿಯುವುದಿಲ್ಲ. ನಿಮ್ಮ ಮನೆಯಲ್ಲಿ ಮಗ್ಗದ ಹಗ್ಗ ಇದ್ದೇ ಇರುತ್ತದೆ.

ಪಂಚಮಿ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ, ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಅವ್ವನಿಲ್ಲದ ಮನೆಯಲ್ಲಿ ಉಂಡಿ ಕಟ್ಟುವವರು ಯಾರು, ಜೋಕಾಲಿ ಹಾಕುವವರು ಯಾರು? ಬಸುರಿ ಜೋಕಾಲಿ ಆಡಲೂ ಬಾರದು. ಹಂಗಾಗಿ ಈ ಸಲ ಇರಲಿ.

ಇನ್ನೊಂದು ವಿಚಾರ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನಮ್ಮಲ್ಲಿ ರೂಢಿ. ಆ ರೂಢಿ ಮಾಡಿದಾಗ ದವಾಖಾನೆಗಳು ಇರಲಿಲ್ಲ. ಗಜೇಂದ್ರಗಡದಲ್ಲಿ ದವಾಖಾನೆ ನಿಮ್ಮ ಓಣಿಯಿಂದ ಕೂಗಳತೆ. ಥಿಂಕ್ ಪ್ರಾಕ್ಟಿಕಲಿ ಎಂದು ಇಂಗ್ಲಿಷರು ಸುಮ್ಮನೆ ಹೇಳಿಲ್ಲ. ಸಕ್ಕೂಬಾಯಿಯವರಂಥ ಅನುಭವಸ್ಥರು ಮನೆಯಲ್ಲಿರುವಾಗ ಹೆಂಗಸರಿಲ್ಲದ ಮನೆಗೆ ನೀನು ಬರುವುದು ಯಾವ ಜಾಣತನ? ಅವರೇ ವಿಚಾರ ಮಾಡಲಿ.

ಊಟದ ಬಗ್ಗೆ ಹೇಳುವುದನ್ನೇ ಮರೆತಿದ್ದೆ. ನಿನ್ನನ್ನು ಹೊತ್ತಾಗ ನಿಮ್ಮವ್ವ ಸಂಜೆಗೆ ನುಚ್ಚು, ಮಜ್ಜಿಗೆ ಅಷ್ಟೇ ಉಣ್ಣುತ್ತಿದ್ದಳು. ರೊಟ್ಟಿ ಮುಟ್ಟುತ್ತಿರಲಿಲ್ಲ. "ಹೊಟ್ಟಿ ಹಗುರ ಇದ್ರ ಕೂಸಿಗೆ ಜಾಗಾ ಆಗತೈತಿ" ಎಂದು ನಗುತ್ತಿದ್ದಳು. ಮುಂಜಾನೆ ನೋಡಿದರೆ ಮುಖದಲ್ಲಿ ಕಳೆ. ನೀನು ಎಷ್ಟು ದುಂಡಗೆ ಹುಟ್ಟಿದೆ ಎಂದರೆ ಸೂಲಗಿತ್ತಿ ಎರಡು ಕೈಯಲ್ಲಿ ಎತ್ತಿದಳು. ಉಳಿತಾಯಕ್ಕೆ ಉಳಿತಾಯ, ಆರೋಗ್ಯಕ್ಕೆ ಆರೋಗ್ಯ.

ನಿನ್ನ ಅಪ್ಪ


ಗಜೇಂದ್ರಗಡ
೧ ಸೆಪ್ಟೆಂಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ನೀವು ಬರೆದಂತೆ ನನಗೆ ಈಗ ಸಂಜೆಗೆ ನುಚ್ಚು, ಮಜ್ಜಿಗೆ. ಉಳಿದವರಿಗೆ ರೊಟ್ಟಿ, ಪಲ್ಯ. ರೊಟ್ಟಿ ನಾನೇ ಬಡಿಯುತ್ತೇನೆ. ಒಂದು ದಿನ ಒಂದು ರೊಟ್ಟಿ ಮುರಿದುಕೊಂಡಿದ್ದಕ್ಕೆ ಅತ್ತೆಯವರು ಬೈಯಲಿಲ್ಲ. "ದೇವಿಕಾ, ಅವರಪ್ಪನ ಕಾಗದ ತಗೋ, ಇನ್ನೊಂದು ಸಲ ಓದು" ಎಂದರು. ದೇವಿಕಾ ಓದಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ದವಾಖಾನೆಯ ಆಶಾ ಅಕ್ಕ ಬಂದು ಬೆರಳು ಚುಚ್ಚಿ ನೋಡಿದರು. ರಕ್ತ ಕಡಿಮೆ ಇದೆಯಂತೆ. ಗುಳಿಗೆ ಕೊಟ್ಟಿದ್ದಾರೆ. "ಬರೀ ಗುಳಿಗಿಲೆ ಆಗೂದಿಲ್ಲವಾ, ಹೊಟ್ಟಿ ತುಂಬ ಉಣ್ಣಬೇಕು" ಎಂದು ಅತ್ತೆಯವರ ಮುಂದೆಯೇ ಹೇಳಿದರು. ಅತ್ತೆಯವರು, "ನಮ್ಮದೇನಿಲ್ರಿ, ತವರಿನವರ ಪದ್ಧತಿ ಹಂಗೈತಿ" ಎಂದರು.

ಬರುವ ತಿಂಗಳು ಕುಬಸ. ತವರಿನವರು ಹಸಿರು ಸೀರೆ, ಕುಬಸ, ಬಳೆ ತಂದು ಉಡಿ ತುಂಬಿ ಬಸುರಿಯನ್ನು ಕರೆದೊಯ್ಯುತ್ತಾರಲ್ಲ, ನಿಮ್ಮಪ್ಪ ಯಾವಾಗ ಬರುತ್ತಾರೆ ಎಂದು ಓಣಿಯವರು ಕೇಳುತ್ತಿದ್ದಾರೆ. ನಾನು ಏನು ಹೇಳಲಿ?

ಮಹೇಶ್ವರಿ


ರೋಣ
೨೦ ಸೆಪ್ಟೆಂಬರ್ ೨೦೨೪

ಚಿ. ಮಹೇಶ್ವರಿಗೆ,

ರಕ್ತ ಕಡಿಮೆ ಎಂಬುದಕ್ಕೆ ಹೆದರಬೇಡ. ಆ ಮಂದಿ ಎಲ್ಲ ಬಸುರಿಯರಿಗೂ ಅದನ್ನೇ ಹೇಳುತ್ತಾರೆ. ಕಬ್ಬಿಣದ ಹಂಚಿನಲ್ಲಿ ಪಲ್ಯ ಮಾಡು. ಬೇಳೆ ಕುದಿಯುವಾಗ ತೊಳೆದ ಮೊಳೆಯೊಂದನ್ನು ಅದರಲ್ಲಿ ಬಿಡು, ಕಬ್ಬಿಣ ತಾನೇ ಇಳಿಯುತ್ತದೆ, ಉಂಡ ಮೇಲೆ ಮೊಳೆ ತೆಗೆದಿಡು, ಮರುದಿನಕ್ಕೂ ಆಗುತ್ತದೆ. ಶೇಂಗಾ, ಬೆಲ್ಲ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿರು. ಆದರೆ ಅತ್ತೆಯವರನ್ನು ಕೇಳಿ ತಿನ್ನು.

ನೀನು ನಕ್ಕೆ ಎಂದು ಓದಿ ಸಮಾಧಾನವಾಯಿತು. ಕಷ್ಟಕಾಲದಲ್ಲಿ ಒಂದು ಮನೆಯವರು ಕೂಡಿ ನಗುತ್ತಾರೆಂದರೆ ಅದೇ ದೊಡ್ಡದು. ಹ್ಯಾಪಿ ಫ್ಯಾಮಿಲಿ ಅಂದರೆ ಅದೇ.

ಕುಬಸಕ್ಕೆ ನಾನು ಬರುವುದು ಕಷ್ಟ. ಸುಮಾರು ದಿನದಿಂದ ಕೆಮ್ಮು, ಕಣ್ಣಲ್ಲಿ ನೀರು. ಹವೆ ಸರಿಯಿಲ್ಲ. ಬಸುರಿಯ ಮುಂದೆ ಕೆಮ್ಮುತ್ತ ಬರಬಾರದು. ಆದರೆ ತವರಿನ ಕುಬಸ ತಪ್ಪಿತು ಎನ್ನಬಾರದಲ್ಲ, ನವಾಜನ ಕೈಯಲ್ಲಿ ಬಟ್ಟೆ ಕಳಿಸಿದ್ದೇನೆ. ನಿಮ್ಮವ್ವನ ಹಸಿರು ಇಳಕಲ್ ಸೀರೆಯಲ್ಲಿ ಸವೆಯದ ಕಡೆ ನೋಡಿ ಕತ್ತರಿಸಿದ್ದು. ಅಂಗಡಿಯ ಬಟ್ಟೆ ಯಾರು ಬೇಕಾದರೂ ಕೊಟ್ಟಾರು. ಇದು ಅವ್ವನ ಮೈಮೇಲಿದ್ದದ್ದು, ಸೆಂಟಿಮೆಂಟಲ್ ವ್ಯಾಲ್ಯೂ. ಬಳೆ ಅಲ್ಲೇ ಇಡಿಸಿಕೊ.

ಮನೆ ಹಂಗೇ ಇದೆ. ನಾನು ಆರಾಮ.

ನಿನ್ನ ಅಪ್ಪ


ರೋಣ
೫ ಅಕ್ಟೋಬರ್ ೨೦೨೪

ಮಹೇಶ್ವರಿಗೆ,

ಇದೆಂಥ ನಡತೆ? ಕಳೆದ ಶನಿವಾರ ನೀನು ಬಂದಿದ್ದೆಯಂತೆ. ಪಕ್ಕದ ಮನೆಯ ಮುದುಕವ್ವ ಆವತ್ತು ಏನೂ ಹೇಳಲಿಲ್ಲ, ವಾರ ಬಿಟ್ಟು ಇವತ್ತು ಬಾಯಿ ಬಿಟ್ಟಳು. "ನಿನ್ನ ಮಗಳು ಬಂದು ಕಟ್ಟಿ ಮ್ಯಾಲ ಕುಂತು ಕುಂತು ಹೋದಳಪ್ಪ, ನಿನಗ ಯಾಕ ಹೇಳಬೇಕು ಅಂತ ಸುಮ್ಮನಿದ್ದೆ" ಎಂದಳು. ನಿನ್ನ ಮೇಲೆ ಸಿಟ್ಟು ಬರಬೇಕೋ ಅವಳ ಮೇಲೆ ಬರಬೇಕೋ ತಿಳಿಯಲಿಲ್ಲ.

ನಾನು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಹಗಲು ಗುಡಿಯ ಕಟ್ಟೆಯಲ್ಲಿ ಕೂರುತ್ತೇನೆ, ಅಲ್ಲಿ ಫ್ಯಾನಿದೆ, ದೀಪವಿದೆ, ಮನೆಯ ಕರೆಂಟು ಉಳಿಯುತ್ತದೆ. ರಾತ್ರಿ ಪೂಜೆ ಮುಗಿಸಿಕೊಂಡೇ ಬರುತ್ತೇನೆ. ಸ್ವಲ್ಪ ಕಾಯಬಾರದಿತ್ತೇ?

ನಡುಕೋಣೆಯನ್ನು ನೀನು ನೋಡಿದೆಯಂತೆ. ಹೌದು, ಮೆಣಸಿನಕಾಯಿಯ ಅಡತಿ ವ್ಯಾಪಾರಿಗೆ ಬಾಡಿಗೆ ಕೊಟ್ಟಿದ್ದೇನೆ. ಧಾರಣೆ ಏರುವ ತನಕ ಚೀಲ ಇಡುತ್ತಾನೆ, ಕೀಲಿ ಅವನದು. ಖಾಲಿ ಕೋಣೆ ತಿನ್ನಲು ಕೊಡುತ್ತದೆಯೇ? ನಿನಗೆ ತಿಳಿಸಿದರೆ ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀ ಎಂದು ಬರೆಯಲಿಲ್ಲ. ಬಂದವಳು ಒಂದು ಮಾತು ಆಡದೆ ತಿರುಗಿ ಗಂಡನ ಮನೆಗೆ ಹೋದರೆ ಸಕ್ಕೂಬಾಯಿಯವರು ನನ್ನ ಬಗ್ಗೆ ಏನು ತಿಳಿದಾರು? ಲಗೂ ಉತ್ತರ ಬರಿ.

ಮಹಾಲಿಂಗಪ್ಪ


ಗಜೇಂದ್ರಗಡ
೨೪ ಅಕ್ಟೋಬರ್ ೨೦೨೪

ಬೀಗರಾದ ಮಹಾಲಿಂಗಪ್ಪನವರಿಗೆ ಸಕ್ಕೂಬಾಯಿ ಹೇಳಿ ಬರೆಸಿದ್ದು. ಕೈಬರಹ ದೇವಿಕಾಳದು.

ನಿಮ್ಮ ಕಾಗದ ಬಂದು ಗೂಡಿನಲ್ಲಿ ಬಿದ್ದಿತ್ತು. ಮಗಳು ನಿಮ್ಮಲ್ಲೇ ಇರುವಾಗ ಮಗಳ ಹೆಸರಿಗೆ ಕಾಗದ ಯಾಕೆ ಬರೆದೀರಿ, ಹಳೆಯದಿರಬೇಕು ಎಂದು ನೋಡಲಿಲ್ಲ. ದಸರೆಗೆ ಗೂಡು ಬಳಿಯಲೂ ಆಗಿರಲಿಲ್ಲ, ನಿನ್ನೆ ಬಳಿಯುವಾಗ ಸಿಕ್ಕಿತು. ಓದಿಸಿದೆ.

ನಿಮ್ಮ ಮಗಳು ಇಲ್ಲಿ ಇಲ್ಲ. ನೀವು ಕಳಿಸಿದ ಸೀರೆಯ ತುಂಡು ನೋಡಿ ನಾಲ್ಕು ಮಂದಿ ನಕ್ಕರು, ನಾನೂ ಒಂದು ಮಾತು ಅಂದೆ, ಇಲ್ಲವೆನ್ನುವುದಿಲ್ಲ. ಮರುದಿನ "ಅತ್ತಿ, ತವರಿಗೆ ಹೋಗತೀನಿ" ಅಂದಳು. "ಹೋಗವಾ" ಅಂದೆ. ಕರೆಯಲು ಬರದ ಮನೆಗೆ ತಾನಾಗಿ ಹೋಗುತ್ತೇನೆ ಅಂದವಳನ್ನು ತಡೆಯಲಾಗುತ್ತದೆಯೇ? ಫ್ರೀ ಬಸ್ಸು. ಖರೇ ಹೇಳಬೇಕೆಂದರೆ ಒಂದು ಬಾಯಿ ಕಡಿಮೆಯಾಯಿತು, ಬಾಣಂತನವೂ ನಮ್ಮ ತಲೆಯಿಂದ ಇಳಿಯಿತು ಎಂದು ನಿಶ್ಚಿಂತೆಯಿಂದ ಇದ್ದೆವು. ನೀವೂ ಹಂಗೇ ಇದ್ದಿರಿ ಎಂದು ಈಗ ತಿಳಿಯಿತು.

ದುರಗೇಶನಿಗೆ ಫೋನ್ ಹಚ್ಚಿದೆವು. ಅವನಿಗೆ ಗೊತ್ತಿತ್ತು, ನಮಗೆ ಹೇಳಿರಲಿಲ್ಲ. ನರಗುಂದದಲ್ಲಿ ನಿಮ್ಮ ಹೆಂಡತಿಯ ತಂಗಿ ನೀಲವ್ವ ಇದ್ದಾಳಂತಲ್ಲ, ಅಲ್ಲಿದ್ದಾಳೆ. ನೀವು ಎಂದೂ ಅವಳ ಹೆಸರು ಎತ್ತಿರಲಿಲ್ಲ.


ನರಗುಂದ
೬ ನವೆಂಬರ್ ೨೦೨೪

ಅಪ್ಪನಿಗೆ,

ಈ ಕಾಗದ ಟಪಾಲಿನಲ್ಲಿ ಬರುತ್ತದೆ. ಅಂಟು ಹಚ್ಚಿದ್ದೇನೆ. ಪಕ್ಕದಲ್ಲಿ ಯಾರೂ ಕುಳಿತಿಲ್ಲ.

ನೀವು ಬರೆದ ನಾಲ್ಕೂ ಕಾಗದ ಗಜೇಂದ್ರಗಡದಿಂದ ಇವರು ತಂದುಕೊಟ್ಟರು. ಓದಿದೆ. ನಾನು ಕೊಂಡಿಯ ವಿಷಯ ಕೇಳಿದ್ದು ಕೊಂಡಿ ಬೇಕೆಂದು ಅಲ್ಲ. ಇಷ್ಟು ಬರೆದರೆ ಸಾಕು, ತಿಳಿಯದಿದ್ದರೆ ಬಿಡಿ.

ಆ ದಿನ ಮಧ್ಯಾಹ್ನ ಬಂದೆ. ಪಡಸಾಲೆಗೆ ಕಾಲಿಟ್ಟ ಕೂಡಲೇ ಕೆಮ್ಮು ಹತ್ತಿತು. ವ್ಯಾಪಾರಿಯ ಆಳು ಚೀಲ ಹೊರುತ್ತಿದ್ದ. "ಯಾರವಾ ನೀ? ಒಳಗ ಹೋಗಬ್ಯಾಡ, ಘಾಟು ಭಾಳ ಐತಿ, ಹೊಟ್ಟೀಲೆ ಅದೀ" ಎಂದ. ಇದು ನಮ್ಮ ಮನೆ ಎಂದೆ. ಅವನು ನನ್ನನ್ನು ನೋಡಿದ, ಚೀಲಗಳನ್ನು ನೋಡಿದ, ಕುಡಿಯಲು ನೀರು ತಂದು ಕೊಟ್ಟ. ಮುದುಕವ್ವ ಒಳಗೆ ಕರೆದು ಉಣ್ಣಲು ಇಟ್ಟಳು. ರೊಟ್ಟಿ, ಝುಣಕ, ಖಾರದ ಹಿಂಡಿ. ನಾನು ಉಣ್ಣುವುದನ್ನು ನೋಡಿ ಅಳುತ್ತಿದ್ದಳು. "ನಿಮ್ಮವ್ವನೂ ಇಲ್ಲೇ, ಈ ಮಣಿ ಮ್ಯಾಲೇ ಕುಂತು ಹಿಂಗ ಗಬಗಬ ಉಣ್ಣತಿದ್ದಳು" ಎಂದಳು.

ಅಪ್ಪಾ, ಅವ್ವ ಬಸುರಿಯಾಗಿದ್ದಾಗ ನಿಮ್ಮ ಮುಂದೆ ನುಚ್ಚು, ಮಜ್ಜಿಗೆ ಉಂಡು, ನೀವು ಹೊರಬಿದ್ದ ಮೇಲೆ ಹಿತ್ತಲ ಬಾಗಿಲಿನಿಂದ ಮುದುಕವ್ವನ ಮನೆಗೆ ಹೋಗಿ ರೊಟ್ಟಿ ಉಣ್ಣುತ್ತಿದ್ದಳು. ದಿನಾ. ಹಾಗೆಂದೇ ನಾನು ದುಂಡಗೆ ಹುಟ್ಟಿದೆ. ಗಜೇಂದ್ರಗಡದಲ್ಲಿ ನನಗೆ ಹಿತ್ತಲ ಬಾಗಿಲು ಇರಲಿಲ್ಲ.

ಕೊನೆಯ ಬಸ್ಸಿಗೆ ಮುದುಕವ್ವನೇ ಹತ್ತಿಸಿದಳು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಆಧಾರ್ ಕಾರ್ಡು ತೋರಿಸಿ ನರಗುಂದ ಎಂದೆ. ಗಂಡ ಸತ್ತ ವರ್ಷ ಚಿಕ್ಕವ್ವ ನಿಮ್ಮ ಹತ್ತಿರ ಬಂದಿದ್ದಳಂತೆ, ಎರಡು ದಿನಕ್ಕೆ ನೀವು ಅವಳಿಗೂ ಉಳಿತಾಯದ ಪಾಠ ಹೇಳಿ ಕಳಿಸಿದಿರಂತೆ. ಅವಳು ಈಗ ಓಣಿಯ ತುದಿಯಲ್ಲಿ ರೊಟ್ಟಿ ಬಡಿದು ಮಾರುತ್ತಾಳೆ. ನಾನು ಹಿಟ್ಟು ನಾದುತ್ತೇನೆ. ಮೊದಲ ರೊಟ್ಟಿ ನನ್ನ ತಾಟಿಗೆ ಬೀಳುತ್ತದೆ, ಆಮೇಲೆ ಗಿರಾಕಿಗೆ. "ಇದೆಂಥ ಯಾಪಾರ ಚಿಕ್ಕವ್ವಾ" ಎಂದರೆ, "ಬಾಯಿ ಮುಚ್ಚಿ ತಿನ್ನ" ಎನ್ನುತ್ತಾಳೆ.

ರಕ್ತ ಇನ್ನೂ ಕಡಿಮೆಯೇ ಇದೆ. ಕೂಸು ಸಣ್ಣದಿದೆ ಎಂದಿದ್ದಾರೆ.

ಮಹೇಶ್ವರಿ


ರೋಣ
೨೦ ನವೆಂಬರ್ ೨೦೨೪

ಚಿ. ಮಹೇಶ್ವರಿಗೆ,

ನಿನ್ನ ಕಾಗದ ಓದಿ ಮುದುಕವ್ವನ ಮನೆಗೆ ಹೋಗಿ ಕೇಳಿದೆ. ಹೌದು ಎಂದಳು. "ಆಗ ಯಾಕ ಹೇಳಲಿಲ್ಲ?" ಎಂದೆ. "ಹೇಳಿದ್ರ ನೀ ಹಿತ್ತಲ ಬಾಗಿಲಾ ಮುಚ್ಚಸ್ತಿದ್ದಿ" ಎಂದಳು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಕ್ಕಿದ್ದಾರೆ. ಬಾಳವ್ವನೂ ನಕ್ಕಿರಬೇಕು. ಮನೆ ನಡೆಸುವ ಗಂಡಸು ಎಂದು ನಾನೊಬ್ಬ ತಿರುಗಾಡುತ್ತಿದ್ದೆ.

ಇರಲಿ. ವ್ಯಾಪಾರಿಗೆ ಹೇಳಿ ಚೀಲ ತೆಗೆಸಿದೆ. ನಡುಕೋಣೆಯನ್ನು ಮೂರು ಸಲ ತೊಳೆದೆ, ಸೆಗಣಿ ಸಾರಿಸಿದೆ, ಬೇವಿನ ಹೊಗೆ ಹಾಕಿದೆ. ಘಾಟು ಗೋಡೆಗೆ ಹೊಕ್ಕುಬಿಟ್ಟಿದೆ, ಆದರೆ ಕಿಟಕಿ ತೆರೆದಿಟ್ಟರೆ ತಡೆಯಬಹುದು. ಮೊದಲಿನಷ್ಟಿಲ್ಲ. ಕೆಲಸದ ಹೆಂಗಸೊಬ್ಬಳನ್ನು ಕೇಳಿಟ್ಟಿದ್ದೇನೆ. ನಿನ್ನ ತವರು ಇದು, ನೀಲವ್ವನ ಅಂಗಡಿ ಅಲ್ಲ. ಮಂದಿ ಏನಂದಾರು? ಕಮ್ ಬ್ಯಾಕ್ ಇಮ್ಮೀಡಿಯೆಟ್ಲಿ.

ನಿನಗೆ ಬಸ್ಸು ಫ್ರೀ ಇದೆಯಲ್ಲ, ನೀನೇ ಬಂದುಬಿಡು. ನಾನು ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇನೆ.

ಅಪ್ಪ


ನರಗುಂದ
೧೯ ಡಿಸೆಂಬರ್ ೨೦೨೪

ಅಪ್ಪನಿಗೆ,

ಹೆಣ್ಣು ಮಗು. ದಿನ ತುಂಬುವ ಮೊದಲೇ ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಚಿಕ್ಕವ್ವ ಅಂಗಡಿ ಮುಚ್ಚಿ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಈಗ ಮಗು ಮನೆಗೆ ಬಂದಿದೆ. ಅಳುವ ದನಿ ಸಣ್ಣದು, ಆದರೆ ಅಳುತ್ತದೆ.

ದುರಗೇಶ ಬಂದು ನೋಡಿ ಹೋದರು, ಲಾರಿಗೆ ಹೋಗುವಾಗ ರೊಟ್ಟಿ ಕಟ್ಟಿಕೊಟ್ಟೆವು. ಅತ್ತೆಯವರು ಬಂದಿಲ್ಲ. ನೀವು ಬಂದಿಲ್ಲ. ಎರಡೂ ಮನೆಗೆ ಖರ್ಚು ಉಳಿಯಿತು.

ನಾನು ರೋಣಕ್ಕೂ ಬರುವುದಿಲ್ಲ, ಗಜೇಂದ್ರಗಡಕ್ಕೂ ಹೋಗುವುದಿಲ್ಲ. ಇವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ನೀವು ಬರಬೇಡಿ ಎಂದು ಬರೆಯುವುದಿಲ್ಲ. ಬನ್ನಿ ಎಂದೂ ಬರೆಯುವುದಿಲ್ಲ.

ಮಹೇಶ್ವರಿ


ರೋಣ
೯ ಜನವರಿ ೨೦೨೫

ಮಹೇಶ್ವರಿಗೆ,

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆಯಲು ಬೇರೆ ಏನೂ ಇಲ್ಲ.

ನಿನ್ನೆ ನರಗುಂದಕ್ಕೆ ಬಂದೆ. ಟಿಕೆಟ್ಟು ತೆಗೆಸಿಯೇ ಬಂದೆ. ಚೀಲದಲ್ಲಿ ಬಾಣಂತಿಗೆಂದು ತುಪ್ಪದ ಡಬ್ಬಿ, ಖಾರೀಕು, ಕೊಬ್ಬರಿ ಇದ್ದವು. ಅಂಗಡಿಯಲ್ಲಿ ಕೇಳಿ ಒಳ್ಳೆಯವನ್ನೇ ತೆಗೆದುಕೊಂಡಿದ್ದೆ. ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕು ಎಂದು ಕೂಡಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಒಂದು ಮಾತು ಇದೆ, ಬೆಟರ್ ಲೇಟ್ ಎಂದು. ಪೂರ್ತಿ ನೆನಪಿತ್ತು. ಅಲ್ಲಿಗೆ ಬಂದ ಮೇಲೆ ಉಪಯೋಗಕ್ಕೆ ಬರಲಿಲ್ಲ.

ನೀಲವ್ವ ಒಲೆಯ ಮುಂದೆ ಇದ್ದಳು. ತಲೆ ಎತ್ತಿ ನೋಡಿದಳು.

"ಎಷ್ಟ ಕಟ್ಟಲಿ?" ಎಂದಳು.

"ನಾನವಾ, ರೋಣದ ಮಾಲಿಂಗಪ್ಪ" ಎಂದೆ.

"ಗೊತ್ತೈತ್ರಿ. ಎಷ್ಟ ಕಟ್ಟಲಿ?"

ಹತ್ತು ಎಂದುಬಿಟ್ಟೆ. ಅವಳು ಹಾಳೆಯಲ್ಲಿ ಸುತ್ತಿದಳು. ಬೀಗರ ಮನೆಯಲ್ಲಿ, ನೆಂಟರ ಮನೆಯಲ್ಲಿ, ಇಷ್ಟು ವರ್ಷದಲ್ಲಿ ಯಾರೂ ನನ್ನಿಂದ ಊಟಕ್ಕೆ ದುಡ್ಡು ಇಸಿದುಕೊಂಡಿರಲಿಲ್ಲ. ಅವಳು ಕೈ ಚಾಚಿದಳು. ನೋಟು ಕೊಟ್ಟೆ. "ಚಿಲ್ಲರ ಕೊಡು" ಎಂದು ಒಳಗೆ ಕೂಗಿದಳು.

ನೀನು ಹೊರಗೆ ಬಂದೆ. ಮೈಗೆ ಸ್ವಲ್ಪ ಮಾಂಸ ಹತ್ತಿದೆ. ಕೈಗೆ ಹಿಟ್ಟು ಮೆತ್ತಿತ್ತು. ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಹಲಗೆಯ ಮೇಲೆ ಇಟ್ಟೆ.

"ಆರಾಮ ಅದೀಯೇನವಾ?" ಎಂದೆ.

"ಅದೀನ್ರಿ. ಹಿಂಡಿ ಬೇಕೇನ್ರಿ ಸಂಗಾಟ?" ಎಂದೆ ನೀನು.

ಒಳಗೆ ಕೂಸು ಅತ್ತಿತು. ನೀನು ಬರೆದ ಹಾಗೆಯೇ, ಸಣ್ಣ ದನಿ. ಒಂದು ಸಲ ಮುಖ ತೋರಿಸು ಎಂದು ಕೇಳಬೇಕೆಂದು ಬಾಯಿ ತೆರೆದೆ. ಹಿಂದಿನಿಂದ ಯಾರೋ, "ಯಜಮಾನ್ರ, ನಿಮ್ಮದು ಆತಿಲ್ರಿ? ಸರೀರಿ ಅಷ್ಟು" ಎಂದರು.

ಚೀಲ ಹಿಡಿದೇ ಸರಿದು ನಿಂತೆ. ನೀನು ಆ ಗಿರಾಕಿಗೆ ರೊಟ್ಟಿ ಎಣಿಸಲು ಹತ್ತಿದೆ.

ಮಹಾಲಿಂಗಪ್ಪ